ತಿಂಡಿ ಏನೇನಿದೆ?

“ತಿಂಡಿ ಏನೇನಿದೆ?”

ಕನ್ನಡ ನಾಡಿನ ಹೋಟೆಲುಗಳಲ್ಲಿ ಇದಕ್ಕಿಂತ ಹಳೆಯ ಪ್ರಶ್ನೆ ಇನ್ನೊಂದು ಇರಲಾರದು. ಗೋಡೆಯ ಮೇಲೆ ಕಪ್ಪು ಹಲಗೆ ತೂಗುತ್ತಿರಲಿ, ಮೇಜಿನ ಮೇಲೆ ಅಚ್ಚಾದ ಪಟ್ಟಿ ಬಿದ್ದಿರಲಿ, ನಾವು ಅದರತ್ತ ಕಣ್ಣು ಹಾಯಿಸುವುದಿಲ್ಲ. ಮಾಣಿಯ ಬಾಯಿಂದ ಕೇಳಿದರೇ ನಮಗೆ ಸಮಾಧಾನ. ಅವನೂ ಒಂದೇ ಉಸಿರಿನಲ್ಲಿ, ಷಟ್ಪದಿಯ ಗತಿ ತಪ್ಪದಂತೆ, “ಇಡ್ಲಿ, ವಡೆ, ಮಸಾಲೆ, ಸೆಟ್ಟು, ಪೂರಿ, ಖಾರಾಭಾತು, ಕೇಸರಿಭಾತು, ಬಿಸಿಬೇಳೆ, ಪುಳಿಯೋಗರೆ” ಎಂದು ಒಪ್ಪಿಸುತ್ತಾನೆ. ಅಷ್ಟನ್ನೂ ಕೊನೆಯವರೆಗೆ ಆಲಿಸಿ, ಗಂಭೀರವಾಗಿ ಯೋಚಿಸಿದಂತೆ ಮಾಡಿ, “ಒಂದು ಮಸಾಲೆ” ಎನ್ನುತ್ತೇವೆ. ನಿನ್ನೆಯೂ ಅದನ್ನೇ ಹೇಳಿರುತ್ತೇವೆ.

ಬೆಂಗಳೂರಿನ ಕಾಲೇಜೊಂದರಲ್ಲಿ ಅಧ್ಯಾಪಕನಾಗಿ, ಒಂಟಿ ಕೋಣೆಯ ನಿವಾಸಿಯಾಗಿ ನಾನು ಕಳೆದ ಎಂಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ದಿನಕ್ಕೆ ಎರಡು ಬಾರಿಯಾದರೂ ಕೇಳಿದ್ದೇನೆ. ಬೆಳಗಿನ ಉಪಾಹಾರ, ಮಧ್ಯಾಹ್ನದ ಊಟ, ಸಂಜೆಯ ಕಾಫಿಯೊಡನೆ ಬೋಂಡವೋ ಬಜ್ಜಿಯೋ, ರಾತ್ರಿ ಮತ್ತೊಮ್ಮೆ ಊಟ, ಎಲ್ಲವೂ ಹೋಟೆಲಿನಲ್ಲಿಯೇ. ಒಲೆ ಹಚ್ಚುವ ತೊಂದರೆಯಿಲ್ಲದ ಈ ಜೀವನ ಬಹು ಸುಖಕರವೆಂದೇ ಭಾವಿಸಿದ್ದೆ. ಒಂದು ದಿನ ಕಾಲೇಜಿನ ಸಭಾಂಗಣದಲ್ಲಿ ರಕ್ತಪರೀಕ್ಷೆಯ ಶಿಬಿರ ಏರ್ಪಟ್ಟಿತು. ವಿದ್ಯಾರ್ಥಿಗಳಿಗೆ ಧೈರ್ಯ ಬರಲೆಂದು ಮೊದಲು ತೋಳು ಚಾಚಿದವನು ನಾನು. ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿಯನ್ನು ತಿಳಿಸುವ ಪರೀಕ್ಷೆಯೊಂದಿದೆ. ಅದರಲ್ಲಿ ಶೇಕಡ ೫.೭ಕ್ಕಿಂತ ಕೆಳಗಿದ್ದರೆ ನಿಶ್ಚಿಂತೆ; ೬.೫ ಮುಟ್ಟಿದರೆ ಮಧುಮೇಹ. ನನ್ನದು ೬.೩ ಇತ್ತು. ಹೊಸ್ತಿಲ ಮೇಲೆ ಒಂದು ಕಾಲು, ಒಳಗೆ ಒಂದು ಕಾಲು.

ಕಾಲಿನ ಮಾತನ್ನು ನಾನು ಲಘುವಾಗಿ ಆಡುತ್ತಿಲ್ಲ. ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಮೂವತ್ತು ವರ್ಷ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದ ನನ್ನ ತಂದೆಯವರಿಗೆ ಸಕ್ಕರೆ ಕಾಯಿಲೆ. ಚಪ್ಪಲಿ ಕಚ್ಚಿ ಆದ ಗಾಯವೊಂದು ಮಾಯದೆ, ಮೊದಲು ಎರಡು ಬೆರಳು ಹೋದವು. ಆರು ತಿಂಗಳಿಗೆ ಬಲಗಾಲು ಮೊಣಕಾಲಿನ ಕೆಳಗಿನಿಂದ ಹೋಯಿತು. ಮೂರು ಮೈಲಿ ನಡೆದು ಶಾಲೆಗೆ ಹೋಗುತ್ತಿದ್ದ ಮನುಷ್ಯ ಇಂದು ಜಗುಲಿಯಿಂದ ಬಚ್ಚಲಿಗೆ ಹೋಗಲು ಊರುಗೋಲು ಹುಡುಕುತ್ತಾರೆ. ಆದುದರಿಂದ ಆ ಚೀಟಿಯನ್ನು ಕೈಯಲ್ಲಿ ಹಿಡಿದಾಗ ನನಗೆ ಅಂಕೆ ಕಾಣಿಸಲಿಲ್ಲ, ಊರುಗೋಲು ಕಾಣಿಸಿತು.

ಇದು ನನ್ನೊಬ್ಬನ ಕಥೆಯಾಗಿದ್ದರೆ ವಾಚಕರ ಹೊತ್ತನ್ನು ಕಳೆಯುತ್ತಿರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ದೇಶವ್ಯಾಪಿಯಾಗಿ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ಮಧುಮೇಹಿಗಳು ಸುಮಾರು ೧೦ ಕೋಟಿ. ನನ್ನಂತೆ ಹೊಸ್ತಿಲ ಮೇಲೆ ನಿಂತವರು ಸುಮಾರು ೧೩ ಕೋಟಿ ೬೦ ಲಕ್ಷ. ಇವರಲ್ಲಿ ಎಷ್ಟೋ ಮಂದಿ ಕೆಲಸದ ನಿಮಿತ್ತ ಊರು ಬಿಟ್ಟವರು, ಹೋಟೆಲಿಗೆ ಹೋಗದೆ ವಿಧಿಯಿಲ್ಲದವರು. ಅಂಥವರಿಗೆ “ಮನೆಯೂಟ ಮಾಡಿ” ಎಂದು ಬೋಧಿಸುವುದು, ಬಸ್ಸು ತಪ್ಪಿದವನಿಗೆ ಕುದುರೆ ಕೊಂಡುಕೊಳ್ಳೆಂದು ಹೇಳಿದಂತೆ.

ನನ್ನನ್ನು ನೋಡಿದ ವೈದ್ಯರು ಹಾಗೆ ಬೋಧಿಸಲಿಲ್ಲ. “ಹೋಟೆಲು ಬಿಡಬೇಡಿ ಮೇಷ್ಟ್ರೇ. ಆದರೆ ತಟ್ಟೆಯಲ್ಲಿ ಏನಿದೆಯೆಂದು ಓದುವುದನ್ನು ಕಲಿಯಿರಿ” ಎಂದರು. ಹಳಗನ್ನಡ ಕಾವ್ಯವನ್ನು ಪದಚ್ಛೇದ ಮಾಡಿ ಅನ್ವಯಿಸಿ ಓದಿಸುವ ನನಗೆ ಇದೇನು ಮಹಾ ಎನ್ನಿಸಿತು. ಮರುದಿನ ಬೆಳಿಗ್ಗೆ ಹೋಟೆಲಿನಲ್ಲಿ ಕುಳಿತು ಮಾಣಿಯ ಪಟ್ಟಿಯನ್ನು ಪದಚ್ಛೇದ ಮಾಡಿದೆ. ದೋಸೆ: ಅಕ್ಕಿ, ಒಳಗೆ ಆಲೂಗಡ್ಡೆ. ಖಾರಾಭಾತು: ರವೆ, ಎಣ್ಣೆ. ಕೇಸರಿಭಾತು: ಅದೇ ರವೆ, ತುಪ್ಪ, ಸಕ್ಕರೆ. ಇವೆರಡನ್ನೂ ಒಂದೇ ತಟ್ಟೆಯಲ್ಲಿಟ್ಟರೆ ಚೌಚೌಭಾತು. ಹೆಸರು ಹೊಸದು, ರವೆ ಹಳೆಯದು. ಪೂರಿ: ಗೋಧಿ ಅಥವಾ ಮೈದಾ, ಎಣ್ಣೆ, ಪಕ್ಕದಲ್ಲಿ ಮತ್ತೆ ಆಲೂಗಡ್ಡೆ. ಪುಳಿಯೋಗರೆ, ಚಿತ್ರಾನ್ನ, ವಾಂಗೀಭಾತು: ಅಕ್ಕಿ, ಅಕ್ಕಿ, ಅಕ್ಕಿ. ವಾಂಗೀಭಾತಿನಲ್ಲಿ ಬದನೆಕಾಯಿ ಇರಬೇಕೆಂಬುದು ಶಾಸ್ತ್ರ. ಹೋಟೆಲಿನಲ್ಲಿ ಅದನ್ನು ಶೋಧಿಸಬೇಕು. ಇಪ್ಪತ್ತು ಹೆಸರುಗಳ ಹಿಂದೆ ನಿಂತಿದ್ದುದು ಅಕ್ಕಿ, ರವೆ, ಮೈದಾ ಎಂಬ ಮೂರೇ ವಸ್ತುಗಳು. ಎಂಟು ವರ್ಷ ನಾನು ಬಗೆಬಗೆಯ ತಿಂಡಿಗಳನ್ನು ತಿಂದೆನೆಂದು ತಿಳಿದದ್ದು ಭ್ರಾಂತಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ೨೦೨೪ರ ಮೇ ತಿಂಗಳಿನಲ್ಲಿ ಭಾರತೀಯರಿಗಾಗಿ ಆಹಾರದ ಮಾರ್ಗಸೂಚಿಯನ್ನು ಪ್ರಕಟಿಸಿದರು. ಎರಡು ಸಾವಿರ ಕ್ಯಾಲೊರಿಯ ಒಂದು ದಿನದ ಆಹಾರಕ್ಕೆ ಅವರು ಹೇಳುವ ಲೆಕ್ಕದಲ್ಲಿ ಧಾನ್ಯ ೨೫೦ ಗ್ರಾಂ, ಬೇಳೆಕಾಳು ೮೫ ಗ್ರಾಂ, ತರಕಾರಿ ಸೊಪ್ಪುಗಳು ೪೦೦ ಗ್ರಾಂ, ಹಣ್ಣು ೧೦೦ ಗ್ರಾಂ. ಅಂದರೆ ತಟ್ಟೆಯ ಅರ್ಧಭಾಗ ತರಕಾರಿಗೂ ಹಣ್ಣಿಗೂ ಸೇರಬೇಕು. ನಮ್ಮ ಹೋಟೆಲಿನ ಊಟದ ತಟ್ಟೆಯಲ್ಲಿಯಾದರೋ ಅನ್ನವೇ ಸಾಮ್ರಾಜ್ಯ, ಪಲ್ಯ ಒಂದು ಪುಟ್ಟ ಬಟ್ಟಲಿನ ಸಾಮಂತ. ಅನ್ನವನ್ನು ಎಷ್ಟು ಬೇಕಾದರೂ ಬಡಿಸುತ್ತಾರೆ. ಪಲ್ಯ ಎರಡನೆಯ ಬಾರಿ ಕೇಳಿದರೆ ಬಡಿಸುವವನು ಗಲ್ಲಾದ ಕಡೆ ನೋಡುತ್ತಾನೆ. ಅಕ್ಕಿ ಅಗ್ಗ, ತರಕಾರಿ ತುಟ್ಟಿ, ಅದನ್ನು ಹೆಚ್ಚುವ ಕೈಗೆ ಕೂಲಿ ಬೇರೆ. ಮಾಲೀಕರನ್ನು ದೂರಿ ಫಲವಿಲ್ಲ.

ಇನ್ನು ಇಡ್ಲಿಯ ವಿಚಾರ. ಕನ್ನಡ ಎಂ. ಎ. ಮಾಡಿದವನು ಇಡ್ಲಿಯ ಮುಂದೆ ಸುಮ್ಮನೆ ಕುಳಿತಿರಲಾರ, ವಾಚಕರು ಕ್ಷಮಿಸಬೇಕು. ಹತ್ತನೆಯ ಶತಮಾನದ್ದೆನ್ನುವ ವಡ್ಡಾರಾಧನೆಯಲ್ಲಿಯೇ ‘ಇಡ್ಡಲಿಗೆ’ಯ ಹೆಸರು ಬರುತ್ತದೆ. ಹನ್ನೊಂದನೆಯ ಶತಮಾನದ ಇಮ್ಮಡಿ ಚಾವುಂಡರಾಯನ ಲೋಕೋಪಕಾರದಲ್ಲಿ ಅದನ್ನು ಮಾಡುವ ಬಗೆಯೂ ಇದೆ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ಅರೆದು, ಮೊಸರಿನ ತಿಳಿಯೊಡನೆ ಇಂಗು ಜೀರಿಗೆ ಮೆಣಸುಗಳನ್ನು ಬೆರೆಸುವುದು. ಅಕ್ಕಿಯ ಮಾತೇ ಇಲ್ಲ! ಪ್ರಾಚೀನರ ಇಡ್ಡಲಿಗೆ ಬರಿಯ ಉದ್ದಿನದು. ಇಂದು ಒಂದು ಪಾಲು ಉದ್ದಿಗೆ ಎರಡರಿಂದ ನಾಲ್ಕು ಪಾಲು ಅಕ್ಕಿ ಬೀಳುತ್ತದೆ. ಸಾವಿರ ವರ್ಷಗಳಲ್ಲಿ ಭಾಷೆಯಲ್ಲಿ ‘ಇಡ್ಡಲಿಗೆ’ ಸವೆದು ‘ಇಡ್ಲಿ’ಯಾದಂತೆ ತಟ್ಟೆಯಲ್ಲಿ ಉದ್ದೂ ಸವೆದಿದೆ. ಹೀಗಿದ್ದರೂ ಎಣ್ಣೆಯಿಲ್ಲದೆ ಹಬೆಯಲ್ಲಿ ಬೆಂದು, ಹುದುಗಿ ಹಗುರಾಗಿ, ಸ್ವಲ್ಪವಾದರೂ ಕಾಳಿನ ಸತ್ತ್ವವನ್ನು ಉಳಿಸಿಕೊಂಡಿರುವ ತಿಂಡಿ ಅದೊಂದೇ. ಕೊರತೆಯಿರುವುದನ್ನು ಸಾಂಬಾರಿನಿಂದ ತುಂಬಿಕೊಳ್ಳಬಹುದೆಂಬುದನ್ನು ನಾನು ತಡವಾಗಿ ಕಂಡುಕೊಂಡೆ. ಹೋಟೆಲಿನ ಸಾಂಬಾರಿನ ಪಾತ್ರೆಯಲ್ಲಿ ಬೇಳೆಯೂ ಹೋಳೂ ತಳಕ್ಕಿಳಿದಿರುತ್ತವೆ. ಸೌಟು ಮೇಲೆಮೇಲೆಯೇ ತೇಲಿ ತಿಳಿನೀರನ್ನಷ್ಟೇ ತರುತ್ತದೆ. “ಸ್ವಲ್ಪ ಕಲಕಿ, ತಳದಿಂದ ಹಾಕಪ್ಪಾ” ಎಂಬ ಒಂದು ವಾಕ್ಯಕ್ಕೆ ಬೆಲೆಯಿಲ್ಲ, ಬಿಲ್ಲೂ ಇಲ್ಲ.

ಇಡ್ಲಿಯಲ್ಲಿಯೇ ಇನ್ನೊಂದು ಕವಲಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ದುರ್ಲಭವಾದಾಗ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನವರು ರವೆಯಿಂದ ಇಡ್ಲಿ ಮಾಡಿದರೆಂಬುದು ಪ್ರಸಿದ್ಧ ಸಂಗತಿ. ಅಷ್ಟು ಪ್ರಸಿದ್ಧವಲ್ಲದ್ದೊಂದಿದೆ. ೧೯೨೪ರಲ್ಲಿ ಆರಂಭವಾದ ಆ ಸಂಸ್ಥೆಯ ಯಜ್ಞನಾರಾಯಣ ಮಯ್ಯರು ೧೯೫೧ರಲ್ಲಿ ಯೂರೋಪಿಗೆ ಹೋಗಿ, ಅಲ್ಲಿಯ ಉಪಾಹಾರಗೃಹಗಳ ಶುಚಿತ್ವವನ್ನೂ ಶಿಸ್ತನ್ನೂ ಕಂಡು ಬಂದು, ಬಟ್ಟಲು ಲೋಟಗಳನ್ನು ಕ್ರಿಮಿರಹಿತಗೊಳಿಸುವ ಏರ್ಪಾಡು ಮಾಡಿದರು. ಅಷ್ಟೇ ಅಲ್ಲ, ಒಳ್ಳೆಯ ಊಟದ ಅಭ್ಯಾಸಗಳನ್ನು ಕುರಿತು ಚಿಕ್ಕ ಪುಸ್ತಿಕೆಗಳನ್ನು ಬರೆದು ಗಿರಾಕಿಗಳಿಗೆ ಉಚಿತವಾಗಿ ಹಂಚಿದರು. ಊಟ ಮಾರುವವರೇ ಊಟದ ಪಾಠವನ್ನೂ ಹೇಳಿದ ಆ ಕಾಲವನ್ನು ನೆನೆದರೆ, ಹೋಟೆಲೂ ಆರೋಗ್ಯವೂ ಹಾವು ಮುಂಗುಸಿಗಳೆಂದು ನಾವು ಸುಮ್ಮನೆ ಭಾವಿಸಿದ್ದೇವೆ ಎನ್ನಿಸುತ್ತದೆ.

ಎಣ್ಣೆಯ ಬಗೆಗೆ ಮಾತ್ರ ಅಷ್ಟು ಉದಾರನಾಗಲಾರೆ. ಒಂದು ಗ್ರಾಂ ಪಿಷ್ಟದಲ್ಲಿ ನಾಲ್ಕು ಕ್ಯಾಲೊರಿಯಾದರೆ ಒಂದು ಗ್ರಾಂ ಎಣ್ಣೆಯಲ್ಲಿ ಒಂಬತ್ತು. ಅದಕ್ಕಿಂತ ಹೆಚ್ಚಿನ ಚಿಂತೆಯೆಂದರೆ, ಬಾಣಲೆಯ ಎಣ್ಣೆ ಎಷ್ಟು ಸಲ ಕಾದಿದೆ ಎಂಬುದು. ಕಾದಷ್ಟೂ ಎಣ್ಣೆ ಒಡೆದು ಹಾನಿಕರ ಪದಾರ್ಥಗಳು ಹುಟ್ಟುತ್ತವೆ. ಇವು ಶೇಕಡ ೨೫ನ್ನು ಮೀರಿದ ಎಣ್ಣೆಯನ್ನು ಬಳಸಕೂಡದೆಂಬ ನಿಯಮ ೨೦೧೮ರ ಜುಲೈ ೧ರಿಂದ ದೇಶದಲ್ಲಿ ಜಾರಿಗೆ ಬಂದಿದೆ. ಗಿರಾಕಿಯ ಕೈಯಲ್ಲಿ ಅಳೆಯುವ ಉಪಕರಣವೆಲ್ಲಿದೆ? ಕಣ್ಣು ಮೂಗುಗಳೇ ಸಾಕ್ಷಿ. ಎಣ್ಣೆ ಕಪ್ಪಾಗಿ ಮಂದವಾಗಿದ್ದರೆ, ನೊರೆ ಆರದೆ ನಿಂತರೆ, ಒಲೆ ಸಣ್ಣಗಿರುವಾಗಲೂ ಹೊಗೆಯಾಡಿದರೆ, ಅಲ್ಲಿಂದ ಕಾಫಿ ಮಾತ್ರ ಕುಡಿದು ಏಳುವುದು ಕ್ಷೇಮ. ಬೆಳಗಿನ ಮೊದಲ ಗಾಣೆಯ ವಡೆಗೂ ಸಂಜೆ ಏಳು ಗಂಟೆಯ ಬೋಂಡಕ್ಕೂ ಅಜಗಜಾಂತರವಿದೆ.

ಬಣ್ಣವೂ ಸಾಕ್ಷಿ ಹೇಳುತ್ತದೆ. ೨೦೨೪ರ ಮಾರ್ಚಿಯಲ್ಲಿ ಕರ್ನಾಟಕ ಸರಕಾರ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣಗಳನ್ನು ನಿಷೇಧಿಸಿತು. ಪರೀಕ್ಷಿಸಿದ ೧೭೧ ಮಾದರಿಗಳಲ್ಲಿ ೧೦೭ ಅಸುರಕ್ಷಿತವೆಂದು ಕಂಡುಬಂದಿದ್ದವು. ಹೂಕೋಸು ಬಿಳಿಯ ಹೂವು. ಅದು ಸೂರ್ಯಾಸ್ತದ ಬಣ್ಣ ತಾಳಿ ಬಂದರೆ ಅನುಮಾನಪಡುವುದಕ್ಕೆ ರಸಾಯನಶಾಸ್ತ್ರ ಓದಿರಬೇಕಿಲ್ಲ. ೨೦೨೫ರ ಫೆಬ್ರವರಿಯಲ್ಲಿ ನನ್ನ ಪ್ರೀತಿಯ ಇಡ್ಲಿಯೇ ಕಟಕಟೆಗೆ ಬಂದಿತು. ಕೆಲವು ಹೋಟೆಲುಗಳಲ್ಲಿ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುತ್ತಿದ್ದುದನ್ನು ಅಧಿಕಾರಿಗಳು ಪತ್ತೆಹಚ್ಚಿದರು, ಸರಕಾರ ಅದನ್ನು ತಡೆಯಲು ಮುಂದಾಯಿತು. ಅಂದಿನಿಂದ ಹೊಸ ಹೋಟೆಲಿಗೆ ಹೋದಾಗ ಕೈತೊಳೆಯುವ ನೆಪದಲ್ಲಿ ಅಡಿಗೆಮನೆಯತ್ತ ಒಮ್ಮೆ ಇಣುಕಿ ಬರುವ ದುರಭ್ಯಾಸ ನನಗೆ ಅಂಟಿದೆ.

ಇಷ್ಟೆಲ್ಲ ತಿಳಿದ ಮೇಲೂ ತಿಂಗಳೆರಡು ಕಳೆದರೂ ನನ್ನ ತಟ್ಟೆ ಬದಲಾಗಲಿಲ್ಲ. ಕಾರಣ ಅಜ್ಞಾನವಲ್ಲ, ದಾಕ್ಷಿಣ್ಯ. “ಎಣ್ಣೆ ಕಡಿಮೆ ಹಾಕಿ” ಎಂದರೆ ಭಟ್ಟರು ಏನೆಂದುಕೊಂಡಾರು? ಗೆಳೆಯರೆಲ್ಲ ಬೆಣ್ಣೆ ಮಸಾಲೆ ತರಿಸಿದಾಗ ನಾನೊಬ್ಬ ಇಡ್ಲಿ ಎಂದರೆ ಜಿಪುಣನೆನ್ನರೆ? ಸಹೋದ್ಯೋಗಿಯೊಬ್ಬರು ತಮಗೆ ಬಡ್ತಿ ಬಂದ ಸಂತೋಷಕ್ಕೆ ಕೊಡಿಸಿದ ಜಾಮೂನನ್ನು ಬೇಡವೆನ್ನುವುದು ಹೇಗೆ? ಒಂದು ಸಣ್ಣ ಹೋಟೆಲಿನಲ್ಲಿ ಧೈರ್ಯ ಮಾಡಿ, “ಸಕ್ಕರೆಯಿಲ್ಲದ ಚಹ” ಎಂದೆ. ಅಲ್ಲಿ ಚಹ, ಹಾಲು, ಸಕ್ಕರೆ ಮೂರೂ ಒಂದೇ ಪಾತ್ರೆಯಲ್ಲಿ ಕುದಿಯುತ್ತಿದ್ದವು. ಮಾಣಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಶುಗರ್ರಾ ಸಾರ್? ಇಷ್ಟು ಚಿಕ್ಕ ವಯಸ್ಸಿಗೇ?” ಎಂದು ಇಡೀ ಹೋಟೆಲಿಗೆ ಕೇಳುವಂತೆ ಮರುಗಿದ. ನಾನು ಸಕ್ಕರೆಯ ಚಹವನ್ನೇ ಕುಡಿದು ಎದ್ದು ಬಂದೆ. ನನ್ನ ತಂದೆಯವರೂ ಹೀಗೆಯೇ, ಮದುವೆ ಮುಂಜಿಗಳಲ್ಲಿ, ಶಿಷ್ಯರ ಮನೆಗಳಲ್ಲಿ, ಯಾರ ಮನಸ್ಸನ್ನೂ ನೋಯಿಸಲಾರದೆ ತಿಂದವರು. ಆ ದಿನ ರಾತ್ರಿ ಹಾಸಿಗೆಯಲ್ಲಿ ಅವರ ಕಾಲಿನ ಬೆಲೆಯನ್ನು ಎಣಿಸಿದೆ. ಒಂದೊಂದು ‘ಬೇಡ’ಕ್ಕೆ ಒಂದೊಂದು ಜಾಮೂನಿನಷ್ಟು.

ಕೇಳುವುದನ್ನು ನನಗೆ ಕಲಿಸಿದ್ದು ಬೆಂಗಳೂರಲ್ಲ, ಬಿಜಾಪುರದ ಸೀಮೆ. ಮೌಲ್ಯಮಾಪನದ ಕೆಲಸದ ಮೇಲೆ ಒಂದು ತಿಂಗಳು ವಿಜಯಪುರದಲ್ಲಿದ್ದೆ. ನನ್ನ ಬಿಡಾರದ ಹತ್ತಿರ ಒಂದು ಖಾನಾವಳಿ. ತಾಯಿ ಮಗಳು ಸೇರಿ ನಡೆಸುತ್ತಿದ್ದ ಸಣ್ಣ ಮನೆ. ತಟ್ಟೆಯಲ್ಲಿ ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾದ ಹಿಂಡಿ, ಗುರೆಳ್ಳಿನ ಹಿಂಡಿ, ಗಟ್ಟಿ ಮೊಸರು. ಇವೆಲ್ಲಕ್ಕಿಂತ ಮುಂಚೆ ಮೇಜಿನ ಮೇಲೆ ಬಂದು ಕೂಡುತ್ತಿದ್ದುದು ಹಸಿಯ ಮೂಲಂಗಿ, ಸೌತೆಕಾಯಿ, ಈರುಳ್ಳಿ, ಎಳೆಯ ಮೆಂತ್ಯದ ಸೊಪ್ಪು. ರೊಟ್ಟಿ ಬೇಯುವವರೆಗೆ ಅದನ್ನು ಮೆಲ್ಲುತ್ತ ಕುಳಿತಿರುವುದು ಅಲ್ಲಿಯ ಪದ್ಧತಿ. ಸೊಪ್ಪು ತರಕಾರಿ ಕಾಳುಗಳನ್ನು ಮೊದಲು ತಿಂದು ಅನ್ನ ರೊಟ್ಟಿಗಳನ್ನು ಆಮೇಲೆ ತಿಂದರೆ ರಕ್ತದಲ್ಲಿ ಸಕ್ಕರೆ ಏರುವ ವೇಗ ತಗ್ಗುತ್ತದೆಂದು ಇತ್ತೀಚಿನ ಸಂಶೋಧಕರು ಹೇಳುತ್ತಾರೆ. ನಮ್ಮ ಕಡೆಯ ಬಾಳೆಯೆಲೆಯ ಮೇಲೂ ಕೋಸಂಬರಿ ಪಲ್ಯಗಳು ಅನ್ನಕ್ಕಿಂತ ಮುಂಚೆಯೇ ಬೀಳುತ್ತವಲ್ಲ! ನಾವು ಅವನ್ನು ಅನ್ನಕ್ಕೆ ನಂಚಿಕೊಳ್ಳಲೆಂದು ಕಾದಿಡುತ್ತೇವೆ, ಅಷ್ಟೇ.

ಮೂರನೆಯ ದಿನ ನಾಲ್ಕನೆಯ ರೊಟ್ಟಿ ಹಾಕಲು ಬಂದ ಆ ತಾಯಿಗೆ, “ಸಾಕ್ರೀ ಅಕ್ಕಾರ, ಕಾಳಿನ ಪಲ್ಯ ಇದ್ರ ಹಾಕ್ರಿ” ಎಂದೆ. ನನ್ನ ಹಳೆ ಮೈಸೂರಿನ ನಾಲಗೆಗೆ ಅವರ ಮಾತು ಕೂಡಿಬಂದಿತೋ ಇಲ್ಲವೋ, ಆಕೆ ನಕ್ಕರು. “ರೊಟ್ಟಿ ಬ್ಯಾಡ ಪಲ್ಯ ಬೇಕು ಅನ್ನಾವ್ರು ನೀವೊಬ್ಬರ ನೋಡ್ರಿ ಸರ. ಯಾಕ್ರಿ, ಮೈಯಾಗ ಆರಾಮ ಇಲ್ಲೇನ್ರಿ?” ಎಂದು ಕೇಳಿದರು. ತಂದೆಯವರ ಕಾಲಿನ ವಿಷಯ ಹೇಳಿದೆ. ಆಕೆ ಏನೂ ಮಾತಾಡಲಿಲ್ಲ. ಮರುದಿನದಿಂದ ನನ್ನ ತಟ್ಟೆಗೆ ಎರಡೇ ರೊಟ್ಟಿ, ಎರಡು ಸೌಟು ಪಲ್ಯ; ಎಣ್ಣೆಗಾಯಿಯ ಮೇಲಿನ ಎಣ್ಣೆಯನ್ನು ಬಾಗಿಸಿ ತೆಗೆದು ಹೋಳನ್ನಷ್ಟೇ ಬಡಿಸುತ್ತಿದ್ದರು. ದರ ಅಷ್ಟೇ. ನಾನು ಕೇಳಿದ್ದು ಒಂದು ಸಲ ಮಾತ್ರ.

ಜೋಳ ರಾಗಿಗಳು ಮದ್ದೆಂದು ಯಾರೂ ಭಾವಿಸಕೂಡದು. ಅವೂ ಧಾನ್ಯಗಳೇ, ಅಕ್ಕಿಗಿಂತ ನಾರು ಹೆಚ್ಚು, ಆದರೆ ತೆಂಗಿನಕಾಯಿ ಗಾತ್ರದ ಮುದ್ದೆ ನುಂಗಿದರೆ ಸಕ್ಕರೆ ಏರಿಯೇ ಏರುತ್ತದೆ. ವಿಶ್ವಸಂಸ್ಥೆ ೨೦೨೩ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ನಮ್ಮ ಹೋಟೆಲುಗಳಲ್ಲಿ ಸಿರಿಧಾನ್ಯದ ದೋಸೆ ಹೆಚ್ಚು ಹೆಚ್ಚಾಗಿ ಕಾಣತೊಡಗಿತು. ಬಹು ಸಂತೋಷ. ಅದರ ಮೇಲೆ ಇಡುವ ಬೆಣ್ಣೆಯ ಮುದ್ದೆಗೆ ಮಾತ್ರ ಯಾವ ವರ್ಷವನ್ನೂ ಸಾರಬೇಕಾಗಿಲ್ಲ.

ಬೆಂಗಳೂರಿಗೆ ಮರಳಿದ ಮೇಲೆ ನನ್ನ ನಾಲಗೆ ಸಡಿಲವಾಗಿತ್ತು. ದೋಸೆಯ ಭಟ್ಟರಿಗೆ “ಎಣ್ಣೆ ಒಂದೇ ಚಮಚ” ಎಂದೆ. ಅವರು ಬೇಸರಪಡಲಿಲ್ಲ, “ಗರಿಗರಿ ಬರೋದಿಲ್ಲ ಸಾರ್, ಆಮೇಲೆ ಅನ್ನಬಾರದು” ಎಂದು ಕರಾರು ಹಾಕಿದರು. ಊಟದಲ್ಲಿ ಒಂದು ಅನ್ನ ಬಿಟ್ಟು ಒಂದು ಬಟ್ಟಲು ಪಲ್ಯ ಹೆಚ್ಚಿಗೆ ಕೊಡಿ, ಬೇಕಾದರೆ ದುಡ್ಡು ತೆಗೆದುಕೊಳ್ಳಿ ಎಂದೆ, ಒಪ್ಪಿದರು. ಹಣ್ಣಿನ ರಸದ ಬದಲು ಮಜ್ಜಿಗೆ. ಮಜ್ಜಿಗೆಗೆ ಉಪ್ಪು ಕಡಿಮೆ, ಏಕೆಂದರೆ ದಿನವೊಂದಕ್ಕೆ ಐದು ಗ್ರಾಂ, ಎಂದರೆ ಒಂದು ಚಹದ ಚಮಚದಷ್ಟು, ಉಪ್ಪು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹೋಟೆಲಿನ ಸಾರು, ಸಾಂಬಾರು, ಉಪ್ಪಿನಕಾಯಿ, ಹಪ್ಪಳಗಳು ಸೇರಿ ಅದನ್ನು ಮಧ್ಯಾಹ್ನದೊಳಗೇ ಮುಗಿಸಿಬಿಡುತ್ತವೆ. ಹತ್ತು ಅಥವಾ ಹೆಚ್ಚು ಶಾಖೆಗಳುಳ್ಳ ಹೋಟೆಲುಗಳು ತಿನಿಸಿನ ಕ್ಯಾಲೊರಿಯನ್ನು ಪಟ್ಟಿಯಲ್ಲಿಯೇ ನಮೂದಿಸಬೇಕೆಂಬ ನಿಯಮ ೨೦೨೨ರಿಂದ ನಡೆದುಬಂದಿದೆ. ಬೆಲೆಯ ಪಕ್ಕದ ಆ ಅಂಕೆಯನ್ನೂ ಒಮ್ಮೆ ಓದಬಹುದು. ಬೆಲೆಯನ್ನಂತೂ ಓದಿಯೇ ಓದುತ್ತೇವೆ.

ಇನ್ನು ಬೈಟು ಕಾಫಿ. ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವ ಬೆಂಗಳೂರಿನ ಈ ಸಂಪ್ರದಾಯವನ್ನು ಕಂಡು ಹೊರಗಿನವರು ನಮ್ಮನ್ನು ಜುಗ್ಗರೆಂದು ನಗುತ್ತಾರೆ. ಪರದೇಶಗಳ ಆಹಾರತಜ್ಞರು ‘ಪ್ರಮಾಣ ತಗ್ಗಿಸಿ’ ಎಂದು ಗ್ರಂಥ ಬರೆದು ಬೋಧಿಸುತ್ತಿರುವುದನ್ನು ನಮ್ಮ ಗುಮಾಸ್ತರು ಬಹುಕಾಲದಿಂದ ಒಂದು ಶಬ್ದದಲ್ಲಿ ಆಚರಿಸುತ್ತಿದ್ದಾರೆ. ನಾನು ಅದನ್ನು ಮಸಾಲೆದೋಸೆಗೂ ವಿಸ್ತರಿಸಿದ್ದೇನೆ. ಗೆಳೆಯನೊಬ್ಬನಿದ್ದರೆ ಇಡ್ಲಿ ಒಂದೊಂದು, ನಡುವೆ ಒಂದು ಮಸಾಲೆ ಬೈಟು. ದಾವಣಗೆರೆಗೆ ಹೋದಾಗ ಬೆಣ್ಣೆದೋಸೆ ತಿನ್ನದೆ ಬರುವ ವ್ರತವನ್ನಂತೂ ನಾನು ಕೈಗೊಂಡಿಲ್ಲ; ದಾವಣಗೆರೆಗೆ ನಾನು ಹೋಗುವುದು ವರ್ಷಕ್ಕೊಮ್ಮೆ.

ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆ. ಆ ವೇಳೆಗೆ ನನ್ನ ಅಂಕೆ ೬.೩ರಿಂದ ೫.೯ಕ್ಕೆ ಇಳಿದಿತ್ತು, ಹೊಸ್ತಿಲು ಇನ್ನೂ ದಾಟಿಲ್ಲ, ಆದರೆ ಮುಖ ಹೊರಗಿನ ಕಡೆಗಿದೆ. ತಂದೆಯವರು ಮನೆಯಿಂದ ಹೊರಬಿದ್ದು ಬಹಳ ದಿನಗಳಾಗಿದ್ದವು. ಆಟೋದಲ್ಲಿ ಕೂರಿಸಿಕೊಂಡು ಪೇಟೆಯ ಹೋಟೆಲಿಗೆ ಕರೆದೊಯ್ದೆ. ಅವರ ಶಿಷ್ಯನೊಬ್ಬನೇ ಅದರ ಮಾಲೀಕ. ಓಡಿಬಂದು ಕೈಹಿಡಿದು ಕೂರಿಸಿ, “ಮೇಷ್ಟ್ರೇ, ಬಿಸಿಬಿಸಿ ಜಿಲೇಬಿ ಆಗ್ತಾ ಇದೆ” ಎಂದ. ತಂದೆಯವರು ಒಮ್ಮೆ ಅವನ ಮುಖವನ್ನೂ ಒಮ್ಮೆ ನನ್ನ ಮುಖವನ್ನೂ ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು, ದಾಕ್ಷಿಣ್ಯದ್ದು.

“ಜಿಲೇಬಿ ಬೇಡಪ್ಪಾ, ಇವರಿಗೆ ಆಗೋದಿಲ್ಲ” ಎಂದೆ ನಾನು. “ಎರಡೆರಡು ಇಡ್ಲಿ. ವಡೆ ಬೇಡ. ಸಾಂಬಾರು ಜಾಸ್ತಿ ಬೇಕು, ತಳದಿಂದ ಕಲಕಿ ಹಾಕಿಸು.”

ಅವನಿಗೆ ಬೇಸರವಾಗಲಿಲ್ಲ. ತಾನೇ ಒಳಗೆ ಹೋಗಿ, ಹೋಳು ತುಂಬಿದ ಎರಡು ಬಟ್ಟಲು ತಂದಿಟ್ಟ. ತಂದೆಯವರು ನಿಧಾನವಾಗಿ ತಿಂದರು. ನುಗ್ಗೆಕಾಯಿಯ ಒಂದೊಂದು ಹೋಳನ್ನೂ ಚೀಪಿ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿದರು, ಹಿಂದೆ ಶಾಲೆಯಲ್ಲಿ ಬಳಪ ಜೋಡಿಸುತ್ತಿದ್ದ ಹಾಗೆ. ಕೈ ಒರೆಸಿಕೊಂಡು, ಮಾಲೀಕನನ್ನು ತಾವೇ ಕೂಗಿ ಕರೆದರು.

“ಲೋ, ಒಂದು ಕಾಫಿ. ಸಕ್ಕರೆ ಹಾಕಬೇಡ. ಬೈಟು ಮಾಡು.”